ಆನ್‌ಲೈನ್ ಇತಿಹಾಸ ಪದವಿಗೆ ಮೂಗು ಮುರಿಯಬೇಡಿ

ಮಾನ್ಯರೇ,

ಸಾರ್ವಜನಿಕ ಇತಿಹಾಸ (ಅಂದರೆ ಮ್ಯೂಸಿಯಂ, ದಾಖಲೆ ಸಂಗ್ರಹಗಳಂಥ ಕಡೆ ಜನರಿಗಾಗಿ ಮಾಡುವ ಇತಿಹಾಸದ ಕೆಲಸ), ಪರಂಪರೆಯ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲಿ ಓದುತ್ತೇವೆ ಎಂದರೆ ಮೂಗು ಮುರಿಯುವವರೇ ಜಾಸ್ತಿ. ಕೆಲಸ ಬಿಡಲಾಗದವರಿಗೆ ಬೇರೆ ದಾರಿ ಇಲ್ಲ ಅಲ್ವಾ? 1976ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್‌ನಲ್ಲಿ ಸಾರ್ವಜನಿಕ ಇತಿಹಾಸದ ಕೋರ್ಸ್ ಶುರುವಾಗಿದ್ದೇ, ಇತಿಹಾಸ ಓದಿದವರು ಪಾಠ ಹೇಳುವುದಕ್ಕಷ್ಟೇ ಸೀಮಿತವಾಗದೆ ಹೊರಗೂ ಕೆಲಸ ಮಾಡಲಿ ಎಂದು. ವಯಸ್ಸಾದವರೊಬ್ಬರ ನೆನಪುಗಳನ್ನು ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಪಡೆಯುವುದು, ಮಧ್ಯೆ ಬಾಯಿ ಹಾಕದೆ ಕೇಳುವುದು, ಆಮೇಲೆ ಹೆಸರು, ದಿನಾಂಕ, ಜಾಗ ಬರೆದಿಡುವುದು, ಇದನ್ನೆಲ್ಲ ಮನೆಯಲ್ಲೇ ಕುಳಿತು ಚೆನ್ನಾಗಿ ಕಲಿಯಬಹುದು. ಆದರೆ ಪುಡಿಯಾಗುತ್ತಿರುವ ಹಳೇ ಕಾಗದವನ್ನು ಹರಿಯದಂತೆ ಬಿಡಿಸುವುದು ಕೈಗೇ ಬರಬೇಕಾದ ಕೆಲಸ. ಸುಮ್ನೆ ವಿಡಿಯೊ ನೋಡಿದರೆ ಸಾಲದು. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಹತ್ತಿರದ ಮ್ಯೂಸಿಯಂ ಅಥವಾ ದಾಖಲೆ ಸಂಗ್ರಹದಲ್ಲಿ ಕೆಲವು ವಾರ ತರಬೇತಿ ಕಡ್ಡಾಯ ಮಾಡಲಿ, ಅದಕ್ಕೆ ಅಂಕವನ್ನೂ ಕೊಡಲಿ.

– ಒಬ್ಬ ಓದುಗ