‘ಬರೀ ಸುಣ್ಣ ತಾನೇ ಮಿಸ್?’: ಪೋಷಕರಿಗೊಂದು ಪತ್ರ

ಸರ್ಕಾರಿ ಪ್ರೌಢಶಾಲೆ,
ಮಂಡ್ಯ ತಾಲ್ಲೂಕು

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲದ ಪತ್ರದಲ್ಲಿ ಹಾಜರಾತಿ, ಶೂ, ಪರೀಕ್ಷೆ ಯಾವುದೂ ಇಲ್ಲ. ಒಂದು ಸುಣ್ಣದ ಟ್ಯೂಬಿನ ವಿಷಯ ಇದೆ. ಸ್ವಲ್ಪ ಉದ್ದವಾಗುತ್ತದೆ, ರಾತ್ರಿ ಊಟ ಆದ ಮೇಲೆ ಕೂತು ಓದಿ. ಮನೆಯಲ್ಲಿ ತಾತ, ಅಜ್ಜಿ ಇದ್ದರೆ ಮಕ್ಕಳ ಕೈಲಿ ಜೋರಾಗಿ ಓದಿಸಿ.

ಕಳೆದ ವಾರ ಗಣಿತದ ಮೇಷ್ಟ್ರು ರಜೆ ಇದ್ದರು. ಒಂಬತ್ತನೇ ತರಗತಿಗೆ ನಾನೇ ಹೋಗಿದ್ದೆ. ಒಬ್ಬ ಹುಡುಗನ ಜಾಮಿಟ್ರಿ ಬಾಕ್ಸು ಕೈಜಾರಿ ಕೆಳಗೆ ಬಿತ್ತು. ಕೈವಾರ, ಪೆನ್ಸಿಲ್ ಚೂರುಗಳ ಜೊತೆ ಹೆಬ್ಬೆರಳುದ್ದದ ಸುಣ್ಣದ ಟ್ಯೂಬೊಂದು ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಮುಚ್ಚಳದ ಸುತ್ತ ಸುಣ್ಣ ಒಣಗಿ ಹಕ್ಕಳೆ ಕಟ್ಟಿತ್ತು. ಮುಚ್ಚಳದ ಮೇಲೆ ಹಲ್ಲಿನ ಗುರುತು ಇತ್ತು. ಎತ್ತಿಕೊಂಡು ಅವನ ಮುಖ ನೋಡಿದೆ. ಹುಡುಗ ಹೆದರಲೇ ಇಲ್ಲ. ‘ಬರೀ ಸುಣ್ಣ ತಾನೇ ಮಿಸ್? ಹೊಗೆಸೊಪ್ಪು ಅಲ್ವಲ್ಲ. ಸುಣ್ಣದಿಂದ ಕ್ಯಾನ್ಸರ್ ಬರುತ್ತಾ?’ ಅಂತ ನನ್ನನ್ನೇ ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು.

ಯಾವ ಹುಡುಗ ಅಂತ ಕೇಳಬೇಡಿ, ಹೇಳುವುದಿಲ್ಲ. ಆದರೆ ಪ್ರಶ್ನೆ ಒಳ್ಳೆಯದು. ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ ನನಗೇ ಆ ಹೊತ್ತಿಗೆ ನೆಟ್ಟಗೆ ಉತ್ತರ ಹೊರಡಲಿಲ್ಲ. ‘ಬರಲ್ಲ’ ಅಂದರೆ ಅರ್ಧ ಸುಳ್ಳು. ‘ಬರುತ್ತೆ’ ಅಂದರೂ ಅರ್ಧ ಸುಳ್ಳು.

ಮಾರನೇ ದಿನ ಗಾಜಿನ ಲೋಟದಲ್ಲಿ ಅರಿಶಿನದ ನೀರು ತೆಗೆದುಕೊಂಡು ಹೋದೆ. ಅದೇ ಟ್ಯೂಬಿನಿಂದ ಕಡಲೆಕಾಳಿನಷ್ಟು ಸುಣ್ಣ ಹಿಂಡಿ ಕಲಕಿದೆ. ನೀರು ಕೆಂಪಗಾಯಿತು. ‘ಆರತಿ ನೀರು ಮಿಸ್!’ ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಹೌದು, ಮದುಮಕ್ಕಳಿಗೆ, ಬಾಣಂತಿಗೆ ನಾವು ಎತ್ತುವ ಆರತಿಯ ನೀರೇ. ಅರಿಶಿನ ಹಳದಿ, ಸುಣ್ಣ ಬಿಳಿ. ಹಾಗಾದರೆ ಈ ಕೆಂಪು ಎಲ್ಲಿತ್ತು? ಅರಿಶಿನದಲ್ಲೂ ಇರಲಿಲ್ಲ, ಸುಣ್ಣದಲ್ಲೂ ಇರಲಿಲ್ಲ.

ಎಲೆ ಅಡಿಕೆ ಹಾಕಿಕೊಂಡಾಗ ಬಾಯಿ ಕೆಂಪಾಗುವುದೂ ಹೀಗೇ. ಸುಣ್ಣ ಹಚ್ಚದೆ ಅಗಿದು ನೋಡಿ, ಆ ರಂಗು ಏರುವುದಿಲ್ಲ. ಅಡಿಕೆಯ ಒಗರಿನಲ್ಲಿರುವ ಅಂಶಗಳು ಸುಣ್ಣದ ಕ್ಷಾರ ತಗುಲಿದಾಗ ಬಣ್ಣ ಬದಲಿಸುತ್ತವೆ. ಅದೇ ಹೊತ್ತಿಗೆ ಆಮ್ಲಜನಕದ ಬಹಳ ಚುರುಕಾದ ರೂಪಗಳೂ ಹುಟ್ಟುತ್ತವೆ. ಕೆನ್ನೆಯ ಒಳಚರ್ಮದ ಜೀವಕೋಶಗಳಿಗೆ, ಅವುಗಳ ಡಿಎನ್‌ಎಗೆ ಏಟು ಹಾಕುವುದು ಇವೇ. ಅಡಿಕೆಯಲ್ಲಿ ಅರೆಕೊಲಿನ್ ಅನ್ನುವ ವಸ್ತು ಇದೆ. ಸುಣ್ಣ ಅದನ್ನು ಅರೆಕೈಡಿನ್ ಆಗಿ ಮಾರ್ಪಡಿಸುತ್ತದೆ. ಇವೆರಡೂ ಸೇರಿ ಕೆನ್ನೆಯ ಒಳಗೆ ನಾರು ಬೆಳೆಸುತ್ತವೆ.

ಹೊಗೆಸೊಪ್ಪಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿದಾಗ ಬೇರೆ ಆಟ ನಡೆಯುತ್ತದೆ. ಕ್ಷಾರ ಸೇರಿದ ಕೂಡಲೇ ನಿಕೋಟಿನ್ ಸಡಿಲವಾಗುತ್ತದೆ, ಬಾಯಿಯ ಚರ್ಮ ದಾಟಿ ಬೇಗ ರಕ್ತಕ್ಕೆ ಸೇರುತ್ತದೆ. ಸುಣ್ಣ ಇಲ್ಲದಿದ್ದರೆ ‘ಹತ್ತಲ್ಲ’ ಅಂತ ತಿನ್ನುವವರು ಹೇಳುತ್ತಾರಲ್ಲ, ಅದು ನಿಜವೇ. ಚಟ ಬೇಗ ಅಂಟಿಕೊಳ್ಳುವುದೂ ಅದಕ್ಕೇ. ಜೊತೆಗೆ ಸುಣ್ಣ ಬಾಯನ್ನು ಸುಡುತ್ತದೆ. ಸುಟ್ಟ ಜಾಗ ಮಾಯಬೇಕಾದರೆ ಹೊಸ ಜೀವಕೋಶಗಳು ಹುಟ್ಟಬೇಕು. ದಿನಾ ಸುಟ್ಟರೆ ದಿನಾ ಹುಟ್ಟಬೇಕು. ಬೆಲ್ಲು ಹೊಡೆಯುವ ಮೊದಲು ಅವಸರದಲ್ಲಿ ಹೋಂವರ್ಕ್ ನಕಲು ಮಾಡುವ ಹುಡುಗನ ಪುಸ್ತಕ ನೋಡಿದ್ದೀರಾ? ಡಿಎನ್‌ಎ ನಕಲಾಗುವಾಗಲೂ ಅವಸರವಾದರೆ ಅಂಥವೇ ತಪ್ಪುಗಳು ಉಳಿದುಬಿಡುತ್ತವೆ. ಕ್ಯಾನ್ಸರ್ ಶುರುವಾಗುವುದು ಅಂಥ ತಪ್ಪುಗಳಿಂದ.

ಹೀಗಾಗಿ ಕ್ಯಾನ್ಸರ್ ಮಟ್ಟಿಗೆ ಸುಣ್ಣ ಒಂದೇ ಇದ್ದರೆ ಗೋಡೆಗೆ ಬಳಿಯುವ ಸುಣ್ಣ ಅಷ್ಟೆ. ಜೊತೆಗಾರ ಸಿಕ್ಕಿದಾಗ ಮಾತ್ರ ಅದರ ಗುಣ ಗೊತ್ತಾಗುವುದು. ಕಳ್ಳನಿಗೆ ಏಣಿ ಹಿಡಿದು ನಿಂತವನು ‘ನಾನು ಒಂದು ಚೊಂಬನ್ನೂ ಮುಟ್ಟಿಲ್ಲ ಸ್ವಾಮಿ’ ಅಂದರೆ ಒಪ್ಪುತ್ತೀರಾ?

ಇಂಥ ಏಣಿ ಹಿಡಿಯುವ ವಸ್ತುಗಳು ಇವೆ ಅಂತ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತಾಗಿದ್ದು 1940ರ ದಶಕದಲ್ಲಿ. ಅದಕ್ಕೆ ಕಾರಣವಾದದ್ದು ನಮಗೆಲ್ಲ ಗೊತ್ತಿರುವ ಜಾಪಾಳ. ಹೌದು, ಭೇದಿಗೆ ಕೊಡುತ್ತಿದ್ದ ಅದೇ ಜಾಪಾಳದ ಬೀಜ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಐಸಾಕ್ ಬೆರೆನ್‌ಬ್ಲಮ್ ಎಂಬುವರು ಇಲಿಗಳ ಚರ್ಮದ ಮೇಲೆ ಇದರ ಎಣ್ಣೆ ಹಚ್ಚಿ ನೋಡಿದರು. 1941ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಫಿಲಿಪ್ ಶುಬಿಕ್ ಜೊತೆ ಸೇರಿ ಇನ್ನೂ ಚೊಕ್ಕವಾಗಿ ಮಾಡಿದರು. ಕ್ಯಾನ್ಸರ್ ತರುವ ವಸ್ತುವನ್ನು ಒಂದೇ ಸಲ, ಬಹಳ ಸ್ವಲ್ಪ ಹಚ್ಚಿದರೆ ಹೆಚ್ಚು ಕಡಿಮೆ ಏನೂ ಆಗಲಿಲ್ಲ. ಬರೀ ಜಾಪಾಳದ ಎಣ್ಣೆ ಹಚ್ಚಿದರೂ ಅಷ್ಟೇ. ಆದರೆ ಮೊದಲು ಕ್ಯಾನ್ಸರ್ ತರುವ ವಸ್ತುವನ್ನು ಒಂದು ಸಲ ಹಚ್ಚಿ, ಆಮೇಲೆ ವಾರಗಟ್ಟಲೆ ಎಣ್ಣೆ ಹಚ್ಚಿದಾಗ ಗಂಟುಗಳು ಎದ್ದವು. ನಡುವೆ ತಿಂಗಳುಗಳ ಅಂತರ ಬಿಟ್ಟರೂ ಎದ್ದವು. ಹಿಂದುಮುಂದು ಮಾಡಿದರೆ, ಅಂದರೆ ಎಣ್ಣೆ ಮೊದಲು, ಇನ್ನೊಂದು ಆಮೇಲೆ ಅಂದರೆ, ಏಳಲಿಲ್ಲ.

ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ಮಣ್ಣಲ್ಲಿ ಬಿದ್ದ ಬೀಜ ಸುಮ್ನೆ ಬಿದ್ದಿರುತ್ತದೆ. ಕಟ್ಟೆಯಿಂದ ನೀರು ಬಿಟ್ಟ ಮೇಲೆ ತಾನೇ ಮೊಳಕೆ? ನೀರು ಹಾಯಿಸಿ, ಗದ್ದೆ ಒಣಗಿದ ಮೇಲೆ ಬೀಜ ಚೆಲ್ಲಿದರೆ ಏನು ಬಂತು? ಇದರಲ್ಲಿ ಒಂದು ಸಮಾಧಾನವೂ ಇದೆ. ಬಿದ್ದ ಬೀಜ ಹೆಕ್ಕಿ ತೆಗೆಯುವುದು ಕಷ್ಟ, ತೂಬು ಮುಚ್ಚುವುದು ನಮ್ಮ ಕೈಲಿದೆ. ಎಣ್ಣೆ ಹಚ್ಚುವುದನ್ನು ಬೇಗ ನಿಲ್ಲಿಸಿದ ಇಲಿಗಳಲ್ಲಿ ಗಂಟು ಕಡಿಮೆ ಆದವು.

ಇನ್ನೊಂದು ಲೆಕ್ಕ ಇದೆ. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೇ ಬರೆದು ತೋರಿಸಿದೆ. ಅಮೆರಿಕದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕೆಲಸ ಮಾಡುವವರನ್ನು ಗಮನಿಸಿ 1979ರಲ್ಲಿ ಒಂದು ವರದಿ ಬಂತು. ಸಿಗರೇಟನ್ನೂ ಸೇದದ, ಕಲ್ನಾರಿನ ಧೂಳನ್ನೂ ಕುಡಿಯದ ಜನರಿಗೆ ಹೋಲಿಸಿದರೆ, ಬರೀ ಧೂಳು ಕುಡಿದವರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವುದು ಸುಮಾರು 5 ಪಟ್ಟು ಜಾಸ್ತಿ. ಬರೀ ಸಿಗರೇಟು ಸೇದುವವರಲ್ಲಿ ಸುಮಾರು 11 ಪಟ್ಟು. ಎರಡೂ ಇದ್ದವರಲ್ಲಿ ಎಷ್ಟಿರಬಹುದು ಅಂತ ಕೇಳಿದೆ. ‘16 ಮಿಸ್’ ಅಂದರು. ಅಲ್ಲ, ಸುಮಾರು 53. ಇದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. (ನಮ್ಮ ಸೈಕಲ್ ಸ್ಟ್ಯಾಂಡಿನ ಮೇಲಿರುವುದೂ ಹಳೇ ಕಲ್ನಾರು ಶೀಟೇ. ಅದರ ಪಾಡಿಗೆ ಅದು ಇದ್ದರೆ ಅಷ್ಟು ತೊಂದರೆ ಇಲ್ಲ. ಒಡೆಯಬೇಡಿ, ಕೊರೆಯಬೇಡಿ, ಧೂಳು ಎಬ್ಬಿಸಬೇಡಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೇಳಿದ್ದೇನೆ.)

ಬೀಡಿ, ಹೊಗೆಸೊಪ್ಪಿನ ಜೊತೆ ಮದ್ಯವನ್ನೂ ಕುಡಿಯುವವರ ಬಾಯಿ, ಗಂಟಲು, ಅನ್ನನಾಳದಲ್ಲೂ ಇದೇ ಗುಣಿಸುವ ಲೆಕ್ಕ. ಮದ್ಯ ತಾನೇ ಕ್ಯಾನ್ಸರ್ ತರುತ್ತದೆ. ಅದು ಸಾಲದು ಅಂತ ಹೊಗೆಸೊಪ್ಪಿನ ವಿಷ ಗಂಟಲ ಚರ್ಮದೊಳಗೆ ಇಳಿಯಲು ದಾರಿ ಮಾಡಿಕೊಡುತ್ತದೆ. ಯಾರ ಮನೆ ವಿಷಯವನ್ನೂ ನಾನು ಕೆದಕುತ್ತಿಲ್ಲ. ಸಂಜೆ ಎರಡನ್ನೂ ಒಟ್ಟಿಗೆ ಹಿಡಿದು ಕೂರುವವರಿಗೆ ಈ 53ರ ಲೆಕ್ಕ ನೆನಪಿರಲಿ ಅಂತ ಅಷ್ಟೆ.

ಬೂಷ್ಟು ಹಿಡಿದ ಕಡ್ಲೆಕಾಯಿ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಇರುವ ಯಕೃತ್ತಿಗೆ ಅದು ಸೇರಿದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಅರ್ಧ ಚೆನ್ನಾಗಿದೆಯಲ್ಲ ಅಂತ ಆರಿಸಿ ಇಟ್ಟುಕೊಳ್ಳಬೇಡಿ, ಎಸೆಯಿರಿ. ಚಿಕ್ಕ ಮಗು ಇರುವ ಮನೆಯವರು ತಾಯಿ ಕಾರ್ಡು ತೆಗೆದು ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿ.

ಈಗ ಅಡಿಕೆಯ ಮಾತು. ‘ಹೊಗೆಸೊಪ್ಪು ಕೆಟ್ಟದ್ದು ಸರಿ ಮೇಡಂ, ಅಡಿಕೆ ಏನು ಮಾಡುತ್ತೆ?’ ಅಂತ ಕಳೆದ ಸಭೆಯಲ್ಲಿ ಒಬ್ಬ ತಾಯಿ ಕೇಳಿದ್ದರು. ತಜ್ಞರೂ ಮೊದಲು ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಅಂದಿತು. ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಅಂತ ಬಿಟ್ಟಿತು. 2004ರ ವರದಿಯಲ್ಲಿ ಅದನ್ನೂ ಸೇರಿಸಿತು, ಬರೀ ಅಡಿಕೆಯನ್ನೂ ಸೇರಿಸಿತು. ಅಡಿಕೆ ಬರೀ ಏಣಿ ಹಿಡಿಯುವವನಲ್ಲ, ತಾನೂ ಒಳಗೆ ನುಗ್ಗುವವನೇ ಅಂತ ಆಗ ಖಚಿತವಾಯಿತು.

ನನಗೆ ಅದಕ್ಕೂ ಮೊದಲೇ ಮನೆಯಲ್ಲಿ ಗೊತ್ತಾಗಿತ್ತು. ನಮ್ಮಮ್ಮ ಹೊಗೆಸೊಪ್ಪು ಮುಟ್ಟಿದವರಲ್ಲ. ಆದರೆ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಸದಾ ಇರುತ್ತಿತ್ತು. ಶಾಲೆಯಿಂದ ಬಂದ ಕೂಡಲೇ ನನ್ನ ಕೆಲಸ ಅಜ್ಜಿಗೆ ಕುಟ್ಟಾಣಿಯಲ್ಲಿ ಕುಟ್ಟಿ ಕೊಡುವುದು, ಅಮ್ಮನಿಗೆ ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಬೆರಳಲ್ಲಿ ಸುಣ್ಣ ಸವರಿ ಕೊಡುವುದು. ‘ಇನ್ನೊಂಚೂರು ಹಚ್ಚು ಮಗಾ’ ಅನ್ನೋರು. ನಾನು ಹಚ್ಚುತ್ತಿದ್ದೆ. ಐವತ್ತೈದು ದಾಟುವ ಹೊತ್ತಿಗೆ ಅಮ್ಮನಿಗೆ ಮೊದಲು ಖಾರ ತಡೆಯದಾಯಿತು. ಆಮೇಲೆ ಮುದ್ದೆ ತುತ್ತು ಸಣ್ಣದಾಗುತ್ತಾ ಬಂತು. ಒಂದು ದಿನ ನೋಡಿದರೆ ತುತ್ತನ್ನು ಎರಡು ಬೆರಳಲ್ಲಿ ಚಪ್ಪಟೆ ಮಾಡಿ ಹಲ್ಲಿನ ಸಂದಿಯಲ್ಲಿ ತೂರಿಸುತ್ತಿದ್ದಾರೆ. ಬಾಯಿ ಅಷ್ಟೇ ತೆರೆಯುತ್ತಿತ್ತು. ಮೊದಲು ತೋರಿಸಿದ ಕಡೆ ‘ಹಲ್ಲು ನೋವು’ ಅಂತ ಮಾತ್ರೆ ಕೊಟ್ಟು ಕಳಿಸಿದರು, ಎಂಟು ತಿಂಗಳು ಹಾಳಾಯಿತು. ಕೆನ್ನೆಯ ಒಳಗೆ ನಾರು ಬೆಳೆದು ಬಿಗಿದುಕೊಂಡಿತ್ತು. ಅದು ಕ್ಯಾನ್ಸರಿಗೆ ತಿರುಗಲಿಲ್ಲ, ನಮ್ಮ ಪುಣ್ಯ. ಕೆಲವರಿಗೆ ತಿರುಗುತ್ತದೆ. ಆದರೆ ಅಮ್ಮ ಮತ್ತೆ ಬಾಯಿ ತುಂಬ ಮುದ್ದೆ ಉಣ್ಣಲಿಲ್ಲ.

ಹೀಗಂದೆ ಅಂತ ಅಡಿಕೆ ತೋಟ ಇರುವವರು ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಭಾವನವರಿಗೂ ತೋಟ ಇದೆ, ಈ ಪತ್ರ ಓದಿದರೆ ಅವರೂ ಮುಖ ಊದಿಸುತ್ತಾರೆ. ತಾಂಬೂಲ ಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಮೈಸೂರು ಚಿಗುರೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ಆ ಎಲೆಯ ಮೇಲೆ ನನಗೂ ಪ್ರೀತಿ. ತಟ್ಟೆಯಲ್ಲಿಟ್ಟು ಕೊಡುವುದು ಬೇರೆ, ದವಡೆಯಲ್ಲಿಟ್ಟುಕೊಂಡು ಮಲಗುವುದು ಬೇರೆ.

ಅಂಗಡಿಯಲ್ಲೂ ಇದೇ ಜೋಡಿ ಆಟ ನಡೆದಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಸರ ಕಟ್ಟಿ ನೇತುಹಾಕುವುದು ಎರಡು ಬೇರೆ ಬೇರೆ ಪ್ಯಾಕೆಟ್. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ಹೊಗೆಸೊಪ್ಪು. ಬೆರೆಸುವ ಕೆಲಸ ಕೊಂಡವನದು. 2003ರ ಕಾಯ್ದೆ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವ ಹಾಗಿಲ್ಲ. ನಮ್ಮ ಗೇಟಿನಿಂದ ಅಂಗಡಿ ಎಷ್ಟು ದೂರ ಇದೆ ಅಂತ ಎಂಟನೇ ತರಗತಿಯವರು ಟೇಪು ಹಿಡಿದು ಅಳೆದರು. 61 ಗಜ ಬಂತು. ಅಂಗಡಿಯವರ ಜೊತೆ ಮಾತಾಡಿದ್ದೇನೆ. ಒಳ್ಳೆಯವರು, ಪೆನ್ನು, ಪೆಪ್ಪರ್‌ಮೆಂಟು ಮಾರಿಕೊಂಡಿರುತ್ತೇನೆ ಅಂದಿದ್ದಾರೆ. ಕಾದು ನೋಡಬೇಕು.

ನಿಮ್ಮಿಂದ ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ಮಕ್ಕಳನ್ನು ‘ಹೋಗಿ ಒಂದು ಪ್ಯಾಕೆಟ್ ತಾ’ ಅಂತ ಅಂಗಡಿಗೆ ಓಡಿಸಬೇಡಿ. ಅವರ ಕೈಲಿ ಹೊಗೆಸೊಪ್ಪು ತಿಕ್ಕಿಸಬೇಡಿ. ಆ ಹುಡುಗ ಟ್ಯೂಬು ಇಟ್ಟುಕೊಂಡಿದ್ದು ತಾತನಿಗೆ ತಿಕ್ಕಿ ಕೊಡಲು. ಎಡಗೈ ಅಂಗೈಯ ನಡುಭಾಗ ಒಣಗಿ ಬಿರುಕು ಬಿಟ್ಟಿತ್ತು. ನೀನೂ ಹಾಕುತ್ತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರುಚಿ ನೋಡಿದ್ದೀನಿ ಮಿಸ್’ ಅಂದ. ಬಾಯಿ ತೆಗೆಸಿ ನೋಡಿದೆ. ಸದ್ಯ, ಬಿಳಿ ಮಚ್ಚೆ ಏನೂ ಕಾಣಲಿಲ್ಲ. ಇನ್ನೊಂದು ವಿಷಯ, ಸುಣ್ಣದ ಪ್ಯಾಕೆಟ್ ಹಿಸುಕಿ ಆಡುವಾಗ ಒಡೆದು ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಹಾಗಾದರೆ ಏನನ್ನೂ ಹಚ್ಚಬೇಡಿ, ಸುರಿಯುವ ನೀರಲ್ಲಿ ಬಹಳ ಹೊತ್ತು ಕಣ್ಣು ತೊಳೆದು ನೇರ ಆಸ್ಪತ್ರೆಗೆ ಓಡಿ.

ಮನೆಯವರೆಲ್ಲ ಇವತ್ತು ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಕೈಯ ಮೂರು ಬೆರಳು, ತೋರು, ನಡು, ಉಂಗುರ ಬೆರಳು, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಹೋಗದಿದ್ದರೆ ದಂತ ವೈದ್ಯರಿಗೆ ತೋರಿಸಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಸಾರಿನ ಖಾರಕ್ಕೂ ಉರಿ ಇದ್ದರೂ ತೋರಿಸಿ. ಹಲ್ಲು ನೋವು ಅಂತ ಮಾತ್ರೆ ನುಂಗಿ ಕೂರಬೇಡಿ. ಬಿಡಬೇಕು ಅನ್ನುವವರಿಗೆ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ ಇದೆ: 1800-11-2356.

ಯಾವ ಮಗುವಿನ ಬ್ಯಾಗಿನಲ್ಲಿ ಏನು ಸಿಕ್ಕಿದರೂ ಟಿಸಿ ಕೊಡುವುದಿಲ್ಲ, ಪ್ರಾರ್ಥನೆಯಲ್ಲಿ ನಿಲ್ಲಿಸಿ ಹೆಸರು ಹೇಳುವುದಿಲ್ಲ. ಮೊದಲು ನಿಮ್ಮನ್ನು ಕರೆದು ಮಾತಾಡುತ್ತೇನೆ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಹೊತ್ತು ನಾನು ಆಫೀಸಿನಲ್ಲೇ ಇರುತ್ತೇನೆ, ಬನ್ನಿ.

ಆ ಸುಣ್ಣದ ಟ್ಯೂಬು ನನ್ನ ಮೇಜಿನ ಡ್ರಾದಲ್ಲಿದೆ. ಅರಿಶಿನದ ನೀರಿಗೆ ಹಿಂಡಿದ್ದು ಬಿಟ್ಟರೆ ಉಳಿದದ್ದು ಹಾಗೇ ಇದೆ. ಅದರ ಯಜಮಾನರಾದ ತಾತನವರು ಬಂದು ತೆಗೆದುಕೊಂಡು ಹೋಗಬಹುದು. ಮೊಮ್ಮಗನ ಕೈಲಿ ಕಳಿಸುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ