ಗದ್ದೆ ನಿನ್ನ ಹೆಸರಿಗೆ ಬರುವ ಮುಂಚೆ

ಮಗಳೇ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಗದ್ದೇಲಿ ನನಗ್ಯಾಕಪ್ಪ ಪಾಲು, ಎಲ್ಲಾ ತಮ್ಮನಿಗೇ ಇರಲಿ" ಅಂತ. ಆಗ ನಾನು ಏನೂ ಹೇಳಲಿಲ್ಲ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನು ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಲಿ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡು, ಸೀರೆ ಕುಂಕುಮ ಕೊಟ್ಟು ಕಳಿಸುತ್ತಾರೆ. ನನಗದು ಸರಿ ಕಾಣುವುದಿಲ್ಲ. ಇರುವುದು ಎರಡೂವರೆ ಎಕರೆ, ನನ್ನ ನಂತರ ಅದು ನಿಮ್ಮಿಬ್ಬರಿಗೂ ಸೇರಿದ್ದು.

ಮೈಸೂರಿನ ಕೆಲಸ ಬಿಟ್ಟು ಬಂದು ನಾಟಿ ಹಾಕು ಅಂತ ನಾನು ಹೇಳುವುದಿಲ್ಲ ಕಣಮ್ಮ. ಯಾರಿಗಾದರೂ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಮಾತಾಡಿ, ಕೊಡುತ್ತೀಯ. ಕೊಡು. ಆದರೆ ಏನು ಮಾತಾಡಿ ಕೊಡಬೇಕು ಅಂತ ನಿನಗೆ ಗೊತ್ತಿರಬೇಕು. ಒಂದು ವರ್ಷಕ್ಕೆ ಅಂತ ಗದ್ದೆ ಹಿಡಿದವನಿಗೆ ಆ ವರ್ಷದ ಬೆಳೆಯಲ್ಲೇ ದುಡ್ಡು ಕೈಸೇರಬೇಕು. ಮುಂದಿನ ವರ್ಷದ ಮಣ್ಣಿನ ಚಿಂತೆ ಅವನು ಯಾಕೆ ಮಾಡುತ್ತಾನೆ? ಯೂರಿಯಾ ಚೀಲ ಸುರಿದು ಬೆಳೆ ಎತ್ತಿಕೊಂಡು ಹೋಗುತ್ತಾನೆ. ನಾನು ಅವನನ್ನು ಬೈಯುವುದಿಲ್ಲ, ಅವನಿಗೂ ಸಾಲ ಇರುತ್ತದೆ. ಅದಕ್ಕೇ ನಾಲ್ಕೈದು ವರ್ಷ ಒಬ್ಬನೇ ಮಾಡಲಿ. ನಿನಗೆ ಬರುವ ಪಾಲು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಮಣ್ಣು ನೋಡಿಕೊಳ್ಳುವವನಿಗೇ ಕೊಡು.

ಮೊದಲು ಕೇಳಬೇಕಾದ್ದು ತರಗಿನ, ಅಂದರೆ ಕಬ್ಬಿನ ಒಣಗರಿಯ ವಿಚಾರ. ಕಬ್ಬು ಕಡಿದ ಮೇಲೆ ಎಕರೆಗೆ ಮೂರ್ನಾಲ್ಕು ಟನ್ ತರಗು ಬಿದ್ದಿರುತ್ತದೆ. ಒಂದು ಕಡ್ಡಿ ಗೀರಿದರೆ ಸಾಯಂಕಾಲದೊಳಗೆ ಗದ್ದೆ ಚೊಕ್ಕ. ನಮ್ಮ ಸುತ್ತ ಜಾಸ್ತಿ ಜನ ಮಾಡುವುದು ಅದನ್ನೇ, ಕೂಲಿಯವರು ಸಿಗುವುದಿಲ್ಲ ಅಂತ. ನಮ್ಮ ಗದ್ದೆಯಲ್ಲಿ ಮಾತ್ರ ಬೆಂಕಿ ಹಾಕಕೂಡದು. ಸಾಲು ಬಿಟ್ಟು ಸಾಲಿಗೆ ತರಗು ಹರಡಿ, ಸಗಣಿ ನೀರು ಚಿಮುಕಿಸಿದರೆ ಸಾಕು. ಸರದಿಯ ಮೇಲೆ ಬಿಡುವ ನಾಲೆಯ ಕಟ್ಟು ನೀರು ಹತ್ತು ದಿನ ತಡವಾದರೂ, ಕಡಿದ ಬುಡದಿಂದ ಚಿಗುರಿದ ಕೂಳೆ ಕಬ್ಬು ಬಾಡುವುದಿಲ್ಲ, ಕಳೆಯೂ ಅಷ್ಟಾಗಿ ಏಳುವುದಿಲ್ಲ. ಮಳೆಗಾಲದಲ್ಲಿ ಬಂದಾಗ ಒಂದು ಹಿಡಿ ತರಗು ಎತ್ತಿ ನೋಡು. ಅಡಿಯಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿರುತ್ತದೆ, ಎರೆಹುಳುವಿನ ಹಿಕ್ಕೆ ಕಾಳುಕಾಳಾಗಿ ಬಿದ್ದಿರುತ್ತದೆ. ಸುಟ್ಟ ಗದ್ದೆಯಲ್ಲಿ ಹುಡುಕಿದರೂ ಇದು ಸಿಗಲ್ಲ.

ಎರಡನೆಯದು ನೀರು. ಕನ್ನಂಬಾಡಿ ಕಟ್ಟಿ ನಾಲೆ ಬಂದ ಮೇಲೆ ಮಂಡ್ಯ ಸೀಮೆಯ ಬಾಳು ಬದಲಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಆ ಉಪಕಾರ ನಾನು ಮರೆಯುವವನಲ್ಲ. ಆದರೆ ಕಾಲುವೆಯಲ್ಲಿ ನೀರಿದೆ ಅಂತ ಹಗಲೂ ರಾತ್ರಿ ಹಾಯಿಸಿದರೆ, ನೀರು ಬಸಿದು ಹೋಗಲು ದಾರಿ ಇಲ್ಲದಿದ್ದರೆ, ತಳದ ನೀರು ಮೇಲಕ್ಕೆ ಬರುತ್ತದೆ. ಬರುವಾಗ ಉಪ್ಪನ್ನೂ ತರುತ್ತದೆ. ನಮ್ಮ ಕೆಳಗಿನ ಗದ್ದೆಯ ಮೂಲೆಯಲ್ಲಿ ಬೇಸಿಗೆಗೆ ಬೆಳ್ಳಗೆ ಪೊರೆ ಕಟ್ಟುತ್ತದಲ್ಲ, ಅದೇ ಚೌಳು. ಅಲ್ಲಿ ಬತ್ತದ ಪೈರು ಗಿಡ್ಡಗೆ, ಹಳದಿಯಾಗಿ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬಸಿಗಾಲುವೆಯ ಹೂಳು ತೆಗೆಸು. ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಡಯಂಚ ಚೆಲ್ಲಿ, ಹೂ ಬರುವ ಹೊತ್ತಿಗೆ ಉಳುಮೆ ಮಾಡಿ ಮಣ್ಣಿಗೆ ಸೇರಿಸಲಿ. ಚೌಳು ತಡೆದುಕೊಂಡು ಬೆಳೆಯುವ ಗಿಡ ಅದು. ಇನ್ನೊಂದು ಮಾತು, ನಾವು ಜಾಸ್ತಿ ಹಾಯಿಸಿದ ನೀರು ನಾಲೆಯ ಕೊನೆಯವರ ಪಾಲಿನದು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದೇ ಹೋದಾಗ ಅವರ ಪಾಡು ನೋಡಿದ್ದೀವಲ್ಲ.

ಮೇಲಿನ ಅರ್ಧ ಎಕರೆ ಹೊಲ ಮಾತ್ರ ಯಾರಿಗೂ ಕೊಡಬೇಡ. ಅಲ್ಲಿ ರಾಗಿ, ಅದರ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಅವರೆ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ರಾಗಿ ಹುಲ್ಲು ದನಕ್ಕಾಗುತ್ತದೆ. ಅಂಗಡಿಯಲ್ಲಿ ಒಂದು ಕಾಳೂ ಕೊಳ್ಳದೆ ಮುದ್ದೆ, ಅವರೆಕಾಳು ಸಾರು ಉಣ್ಣುವುದಕ್ಕೆ ಆ ತುಂಡು ನೆಲ ಸಾಕು. ಇಲ್ಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಅವು ಎಷ್ಟು ಮನೆಗಳ ಹೊಟ್ಟೆ ತುಂಬಿಸಿದವೋ! ಒಳ್ಳೆ ತೆನೆ ಆರಿಸಿ ಬಿತ್ತನೆಗೆ ತೆಗೆದಿಡುವುದನ್ನು ನಿಮ್ಮಮ್ಮನ ಹತ್ತಿರ ಕಲಿತುಕೋ. ಅದರಲ್ಲಿ ಅವಳ ಕಣ್ಣು ನನಗಿಂತ ಚುರುಕು.

ಸೈಟು ಮಾಡುವವರು ಬರುತ್ತಾರೆ. ಈಗಾಗಲೇ ರಸ್ತೆ ಬದಿಯ ಜಮೀನು ಕೇಳುತ್ತಿದ್ದಾರೆ. ಮಾರುವುದು ಬಿಡುವುದು ನಿನಗೂ ತಮ್ಮನಿಗೂ ಬಿಟ್ಟದ್ದು, ನಾನು ಆಣೆ ಹಾಕಿಸಿಕೊಳ್ಳುವುದಿಲ್ಲ. ನನ್ನ ಮನಸ್ಸಿನಲ್ಲಿರುವುದು ನಿನಗೆ ಗೊತ್ತೇ ಇದೆ.

ಕಬ್ಬು ಕಡಿದು ಮುಗಿದ ಮೇಲೆ ಒಂದು ಭಾನುವಾರ ಬಾ. ಮಣ್ಣು ಪರೀಕ್ಷೆಗೆ ಕೊಡಬೇಕು, ನಿನ್ನ ಕೈಲೇ ತೆಗೆಸುತ್ತೇನೆ. ಬದು, ತಿಪ್ಪೆ, ಮರದ ಬುಡ ಬಿಟ್ಟು ಏಳೆಂಟು ಕಡೆ ಅರ್ಧ ಅಡಿ ಆಳ ಅಗೆದು, ಎಲ್ಲಾ ಕಲಸಿ, ಅರ್ಧ ಕೆಜಿ ಉಳಿಸಿಕೊಳ್ಳಬೇಕು. ಚೌಳು ಮೂಲೆಯದು ಬೇರೆ ಚೀಲಕ್ಕೆ. ಚೀಟಿಯಲ್ಲಿ ಸರ್ವೆ ನಂಬರ್ ಬರೆದು, ರೈತರ ಹೆಸರು ಅನ್ನುವ ಕಡೆ ನಿನ್ನ ಹೆಸರೇ ಬರೆ.

ಇಂತಿ,
ನಿನ್ನ ಅಪ್ಪ