ಹೆಸರು ಹಿಡಿದು ಕರೆಯುವವರು

ಪ್ರೀತಿಯ ದೋಸ್ತ,

ಫೋನಿನಲ್ಲಿ ಹೇಳಿದರೆ ನಡುನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸಾಕ್ಷಿ ಇಲ್ಲದೆ ಹೇಳಿದ ಮಾತು ನಿನ್ನ ಬಾಯಲ್ಲಿ ಏನಾಗುತ್ತದೆ ಅನ್ನುವುದನ್ನು ಕುಂದಗೋಳದ ಮದುವೆಯಲ್ಲಿ ನೋಡಿದ್ದೇನೆ. ಓದುತ್ತಿರುವ ಉಳಿದವರೂ ಕೂತುಕೊಳ್ಳಲಿ. ನಮ್ಮದೇನು ಗುಟ್ಟು?

ಬೆಕ್ಕು ಬಂತು. ಬೆಂಗಳೂರಿನ ಹೊರವಲಯದ ಒಂದು ಪ್ರಾಣಿ ಆಶ್ರಯಧಾಮದಿಂದ ತಂದೆವು. ಮರಿಗಳನ್ನು ಬಂದವರು ಮೊದಲು ಎತ್ತಿಕೊಂಡು ಹೋಗುತ್ತಾರೆ, ವಯಸ್ಸಾದವು ಉಳಿದುಬಿಡುತ್ತವೆ. ಇದಕ್ಕೆ ಹಲ್ಲು ನೋಡಿ ಏಳೆಂಟು ವರ್ಷ ಅಂದಾಜು ಮಾಡಿದ್ದರು. ಬೆನ್ನು, ಬಾಲ ಕಪ್ಪು. ಎದೆ ಬಿಳಿ, ನಾಲ್ಕೂ ಪಾದ ಬಿಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಗುರುತಿಗೆ ಎಡಗಿವಿಯ ತುದಿ ನೇರವಾಗಿ ಕತ್ತರಿಸಿದೆ. ಅವ್ವ ಪಂಜರದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು, ಅದು ಬಂದು ಅವಳ ಸೀರೆಯ ಅಂಚು ಮೂಸಿತು, ಆಯ್ಕೆ ಮುಗಿಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಪಂಜರದ ಕಾರ್ಡಿನ ಮೇಲೆ ಹೆಸರು ಓರಿಯೋ ಅಂತ ಇತ್ತು. ಆಟೋದಲ್ಲಿ ಅವ್ವ ಕೇಳಿದಳು, “ಅಲ್ಲೆ ಇದಕ್ಕ ಏನಂತ ಕರೀತಿದ್ರು?” ಹೇಳಿದೆ. ಕರೀ ಬಿಸ್ಕೀಟು, ನಡುವೆ ಬೆಳ್ಳಗಿನ ಕ್ರೀಮು ಅಂತ ವಿವರಿಸಿದೆ. “ತಿನ್ನೂ ಸಾಮಾನಿನ ಹೆಸರು ಜೀವಕ್ಕ ಇಡತಾರೇನಪಾ?” ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇಟ್ಟುಕೊಂಡು ತಲೆಮಾರುಗಟ್ಟಲೆ ಬಾಳಿದ ಸೀಮೆಯವರು ನಾವು ಅಂತ ನೆನಪಿಸಿದೆ. ಅವಳಿಗೆ ತಟ್ಟನೆ ನಿನ್ನ ಅಡ್ಡಹೆಸರು ನೆನಪಾಗಿ ಮಲ್ಲೇಶ್ವರ ಬರುವ ತನಕ ನಕ್ಕಳು.

ಆದರೆ ಆ ಹೆಸರನ್ನು ಇಟ್ಟ ಹುಡುಗರ ಮೇಲೆ ನನಗೆ ಗೌರವವಿದೆ. ಅಷ್ಟೊಂದು ಪಂಜರಗಳ ನಡುವೆ ಯಾರಿಗೆ ಯಾವ ಮಾತ್ರೆ, ಯಾರಿಗೆ ಯಾವಾಗ ಚುಚ್ಚುಮದ್ದು ಅಂತ ಬರೆದಿಡಲು ಹೆಸರು ಬೇಕು. ಫೋಟೋದ ಕೆಳಗೆ ಒಂದು ಹೆಸರಿದ್ದರೆ ನೋಡುವವರ ಬೆರಳು ಒಂದು ಕ್ಷಣ ನಿಲ್ಲುತ್ತದೆ. ತಿಂಡಿಯ ಹೆಸರುಗಳು ಬೇಗ ಹೊಳೆಯುತ್ತವೆ, ಅಷ್ಟೇ. ಬೇರೆ ಹೆಸರು ಇಡುತ್ತೀರಾದರೆ ಚಿಕ್ಕದಿರಲಿ, ಊಟ ಕೊಡುವಾಗ ಕರೆಯಿರಿ, ಬೈಯುವಾಗ ಮಾತ್ರೆ ಹಾಕುವಾಗ ಕರೆಯಬೇಡಿ ಅಂತ ಅಲ್ಲಿಯ ಹುಡುಗಿ ಹೇಳಿ ಕಳಿಸಿದಳು.

ಅವಳೇ ಇನ್ನೊಂದು ಮಾತು ಹೇಳಿದ್ದಳು. ಈ ಬೆಕ್ಕು ಬೀದಿಯದಲ್ಲ. ಒಬ್ಬಂಟಿಯಾಗಿದ್ದ ಒಬ್ಬ ಅಜ್ಜಿಯ ಮನೆಯದು. ಅಜ್ಜಿ ತೀರಿಕೊಂಡ ಮೇಲೆ ಅಕ್ಕಪಕ್ಕದವರು ತಂದು ಬಿಟ್ಟರು. ದಾಖಲೆಯ ಹಾಳೆಯಲ್ಲಿ ‘ಮೊದಲಿನ ಹೆಸರು’ ಅನ್ನುವಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ಅಕ್ಕಪಕ್ಕದವರು ಅದನ್ನು ‘ಅಜ್ಜಿಯ ಬೆಕ್ಕು’ ಅಂತಷ್ಟೇ ಕರೆದು ರೂಢಿ.

ಆ ಅಡ್ಡಗೆರೆ ನನ್ನ ತಲೆಯಿಂದ ಹೋಗಲಿಲ್ಲ ಮಾರಾಯ. ಅಷ್ಟು ವರ್ಷ ಒಂದು ಮನೆಯಲ್ಲಿ ಬೆಳಿಗ್ಗೆ ಸಂಜೆ ಯಾವುದೋ ಹೆಸರು ಕೇಳಿ ಓಡಿಬಂದ ಪ್ರಾಣಿ. ಆ ಹೆಸರು ಗೊತ್ತಿದ್ದದ್ದು ಒಬ್ಬಳಿಗೆ. ಅವಳು ಹೋದಳು.

ಕೆಳಗಿನ ಮನೆಯ ಆಂಟಿ ಮದ್ದೂರಿನ ಕಡೆಯವರು. ಮಂಗಮ್ಮ ಅಂತ ಇಡಿ ಅಂದರು. ಅವರ ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನೇ ಮಂಗಮ್ಮ ಅಂತ ಪೂಜಿಸುತ್ತಾರೆ, ಅದಕ್ಕೆ ಗುಡಿಯೇ ಇದೆ, ಗೊತ್ತಲ್ಲ? ಇದು ಗಂಡು ಆಂಟಿ ಅಂದೆ. “ದೇವ್ರ ಹೆಸ್ರಿಗೆ ಗಂಡೇನು ಹೆಣ್ಣೇನು” ಅಂದರು. ಬೆಕ್ಕು ಆಗ ಮಂಚದ ಕೆಳಗಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು.

ಅವ್ವನದು ಬೇರೆಯೇ ದಾರಿ. ಅಜ್ಜಿ ಏನಂತ ಕರೆಯುತ್ತಿದ್ದಿರಬಹುದು ಅಂತ ಹುಡುಕಲು ಶುರು ಮಾಡಿದಳು. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಜಪ ಮಾಡಿದ ಹಾಗೆ ಪುಟ್ಟಾ, ರಾಜಾ, ಬಂಗಾರಾ, ಸುಬ್ಬಾ, ಕಿಟ್ಟಿ... ಆಮೇಲೆ ನನಗೆ ಹೊಳೆಯಿತು, ಇದು ಬೆಂಗಳೂರು. ಆ ಅಜ್ಜಿ ಯಾವ ಭಾಷೆಯವಳೋ!

ನಾನೂ ಓದತೊಡಗಿದೆ. ಜಪಾನಿನಲ್ಲಿ ಅತ್ಸುಕೋ ಸೈತೊ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ, ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತದೆಯೇ ಅಂತ. 78 ಬೆಕ್ಕುಗಳ ಮೇಲೆ ಮಾಡಿದ ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವಿಧಾನ ಬಹಳ ಚೆಂದ. ಹೆಸರಿನಷ್ಟೇ ಉದ್ದದ, ಹೆಸರಿನದೇ ಒತ್ತಿನ ನಾಲ್ಕು ಬೇರೆ ಪದಗಳನ್ನು ಒಂದೇ ದನಿಯಲ್ಲಿ ಒಂದಾದ ಮೇಲೊಂದು ಹೇಳುವುದು. ಮೊದಲ ಪದಕ್ಕೆ ಕಿವಿ ಏಳುತ್ತದೆ, ಬರಬರುತ್ತ ಬೆಕ್ಕಿಗೆ ಬೇಸರವಾಗಿ ಸುಮ್ಮನಾಗುತ್ತದೆ. ಐದನೆಯದಾಗಿ ಅದರ ಹೆಸರು ಹೇಳಬೇಕು. ಮನೆಯ ಬೆಕ್ಕುಗಳು ಆಗ ಮತ್ತೆ ಕಿವಿ ಎತ್ತಿದವು, ತಲೆ ತಿರುಗಿಸಿದವು. ಪರಿಚಯವೇ ಇಲ್ಲದವರು ಹೇಳಿದಾಗಲೂ ಗುರುತು ಹಿಡಿದವು. ಗಿರಾಕಿಗಳು ಬಂದು ಬೆಕ್ಕುಗಳ ಜೊತೆ ಹೊತ್ತು ಕಳೆಯುವ ‘ಬೆಕ್ಕಿನ ಕೆಫೆ’ಯಲ್ಲಿದ್ದ ಬೆಕ್ಕುಗಳು ಮಾತ್ರ ತಮ್ಮ ಹೆಸರಿಗೂ ಜೊತೆಯ ಬೆಕ್ಕುಗಳ ಹೆಸರಿಗೂ ವ್ಯತ್ಯಾಸ ತೋರಿಸಲಿಲ್ಲ. ಬಂದವರೆಲ್ಲ ಎಲ್ಲವನ್ನೂ ಕರೆಯುವ ಜಾಗ ಅದು.

ನಾನೂ ಹಾಗೇ ಮಾಡಿ ನೋಡಿದೆ. ಅದರ ಕಿವಿಯನ್ನು ನೀನು ಹತ್ತಿರದಿಂದ ನೋಡಬೇಕು. ಮೈ ಅಲುಗುವುದಿಲ್ಲ, ಕಣ್ಣೂ ತೆರೆಯುವುದಿಲ್ಲ. ಕತ್ತರಿಸಿದ ಆ ಎಡಗಿವಿ ಒಂದೇ ನಿಧಾನಕ್ಕೆ ಹಿಂದಕ್ಕೆ ಹೊರಳುತ್ತದೆ, ಒಳಗಿನ ತೆಳು ಗುಲಾಬಿ ಚರ್ಮ ಬೆಳಕಿಗೆ ಬರುತ್ತದೆ, ನರಗಳು ಕಾಣುತ್ತವೆ, ಆಮೇಲೆ ಮತ್ತೆ ಮುಂದಕ್ಕೆ. ನಾವು ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್ ತನಕ, ಅದು ಸುಮಾರು 85,000ದವರೆಗೆ ಕೇಳುತ್ತದೆ. ಕೇಳಿಸುವುದರಲ್ಲಿ ಕೊರತೆ ಇಲ್ಲ. ನಮ್ಮ ಒಂದು ಹೆಸರಿಗೂ ಅದು ತಲೆ ಎತ್ತಲಿಲ್ಲ.

ಎತ್ತಿದ್ದು ಮೇಲಿನ ಮನೆಯ ತಮಿಳು ಅಜ್ಜಿ, ನಾವು ಪಾಟಿ ಅನ್ನುತ್ತೇವೆ, ಕೊಳಕಟ್ಟೆ ಕಡುಬು ಕೊಡಲು ಬಂದ ದಿನ. ಬಾಗಿಲಲ್ಲೇ ನಿಂತು “ವಾ ಕಣ್ಣಾ”, ಬಾರೋ ಕಂದಾ ಅನ್ನುವ ಹಾಗೆ, ಅಂದರು, ಅಷ್ಟೇ. ಮಂಚದ ಕೆಳಗಿಂದ ಎದ್ದು, ಮೈಮುರಿದು, ಹೊಸ್ತಿಲಿಗೆ ಬಂದು ಅವರ ಕಾಲಿಗೆ ಮುಖ ಉಜ್ಜಿತು. ಸಿಕ್ಕಿತು ಅಂದುಕೊಂಡೆ. ಪಾಟಿ ಹೋದ ಮೇಲೆ ನಾನು ಕಣ್ಣಾ ಅಂದೆ, ಅವ್ವ ಅಂದಳು. ಏನೂ ಇಲ್ಲ. ಹೆಸರೇ ಆಗಿದ್ದರೆ ಯಾರು ಕರೆದರೂ ತಿಳಿಯಬೇಕಿತ್ತಲ್ಲ. ನನಗೆ ಅನಿಸುವುದು, ಅದು ಎದ್ದು ಬಂದದ್ದು ಹೆಸರಿಗಲ್ಲ. ವಯಸ್ಸಾದ ಹೆಂಗಸಿನ ಆ ದನಿಗೆ, ಕೊನೆಯಲ್ಲಿ ಎಳೆಯುವ ಆ ರೀತಿಗೆ. ಸಾಕಿದವರ ದನಿಯನ್ನು ಬೆಕ್ಕು ಬೇರೆಯವರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ ಅಂತ ಸೈತೊ 2013ರಲ್ಲೇ ತೋರಿಸಿದ್ದರು.

ಇದನ್ನು ಅವ್ವನಿಗೆ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೂತು, “ಅಣ್ಣಾನೂ ಹಂಗ ಎಳೀತಿದ್ದ” ಅಂದಳು.

ಅವ್ವನಿಗೆ ಎರಡು ಹೆಸರು ಅನ್ನುವುದು ನಿನಗೆ ಗೊತ್ತಿರಲಿಕ್ಕಿಲ್ಲ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸಿದರು. ಕಾರಣವೂ ಇತ್ತು. ತವರಿನ ಹೆಸರು ನಮ್ಮ ಅಜ್ಜಿಯದೇ ಹೆಸರು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕರೆಯುವುದು ಹೇಗೆ? ಅಜ್ಜಿಯ ಹೆಸರು ನಿನಗೆ ಗೊತ್ತು, ಅಂದರೆ ಈಗ ಅವ್ವನದೂ ಗೊತ್ತಾಯಿತು. ಇಲ್ಲಿ ಬರೆಯುವುದಿಲ್ಲ, ಕೂತವರು ಕ್ಷಮಿಸಬೇಕು. ಶಾಲೆಯ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪನ ಪಿಂಚಣಿ ಅವಳಿಗೆ ಬರುವ ಹೊತ್ತಿಗೆ ಇವೆರಡೂ ಒಬ್ಬಳೇ ಅಂತ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಬೇಕಾಯಿತು, ನಡುವೆ ಒಂದು ‘ಉರ್ಫ್’ ಹಾಕಿ.

ಹಳೆಯ ಹೆಸರಿನಿಂದ ಕರೆಯಲು ಕೊನೆಗೆ ಉಳಿದಿದ್ದವನು ಮಾಮಾ ಒಬ್ಬನೇ. ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಬಂದಾಗ ಅಂಗಳದಿಂದಲೇ ಆ ಹೆಸರು ಹಿಡಿದು ಕೂಗುತ್ತಿದ್ದ. ಒಳಗಿನಿಂದ ಅಜ್ಜಿ “ಯಾರಂವ ನನ್ನ ಹೆಸರ ಹಿಡದು ಒದರಾಂವ” ಅಂತ ಎದ್ದು ಬರುತ್ತಿದ್ದಳು. ಇಬ್ಬರೂ ಬಾಗಿಲಿಗೆ ಬರುವುದು, ಮಾಮಾ ಮೊದಲು ಅಜ್ಜಿಯ ಕಾಲಿಗೆ ಬೀಳುವುದು, ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವುದು. ಹೋದ ವರ್ಷ ಮಾಮಾ ತೀರಿಕೊಂಡ. ನೀನೂ ಬಂದಿದ್ದೆ. ಅವತ್ತು ಅವ್ವ ಅಷ್ಟು ಅತ್ತದ್ದರಲ್ಲಿ ಇದೂ ಸೇರಿತ್ತು ಅಂತ ನನಗೆ ತಿಳಿದದ್ದು ಈ ಬೆಕ್ಕು ಬಂದ ಮೇಲೆ.

ಒಂದು ಮುಂಜಾನೆ ಅವ್ವ ಅಡುಗೆಮನೆಯಲ್ಲಿ ಬೆನ್ನು ಹಾಕಿಕೊಂಡು ಜೋಳದ ಹಿಟ್ಟು ಸಾಣಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಆ ಹೆಸರು ಹಿಡಿದು ಕರೆದೆ. ಸಾಣಿಗೆ ನಿಂತಿತು. “ಆಂ” ಅಂತ ತಿರುಗಿದಳು. ಅದು ನನಗೆ ಓಗೊಡುವ ದನಿಯಲ್ಲ, ಮನೆಯ ಹಿರಿಯರಿಗೆ ಓಗೊಡುವ ದನಿ, ಹುಡುಗಿಯ ದನಿ. ನನ್ನನ್ನು ನೋಡಿದ ಮೇಲೆ “ತಾಯಿ ಹೆಸರ ಹಿಡದು ಕರೀತೀ ಏನೋ?” ಅಂತ ಬೈದಳು. ರಾತ್ರಿ ಮಲಗುವ ಮುಂಚೆ ತಾನಾಗಿಯೇ, “ಮುಂಜಾನೆ ಹೆಂಗ ಕರದಿ, ಇನ್ನೊಮ್ಮೆ ಅನ್ನು” ಅಂದಳು. ಅಂದೆ. “ಹಂಗಲ್ಲ, ಅಂವ ಕಡೀಕ ಎಳೀತಿದ್ದ” ಅಂತ ಮಾಮಾ ಕರೆಯುತ್ತಿದ್ದ ಹಾಗೆ ತನ್ನ ಹೆಸರನ್ನು ತಾನೇ ಕರೆದು ತೋರಿಸಿದಳು. ನನ್ನ ಕೈಯಲ್ಲಿ ಅಷ್ಟು ಸರಿಯಾಗಿ ಆಗಲಿಲ್ಲ.

ಅವತ್ತು ನಿದ್ದೆ ಬರಲಿಲ್ಲ ಕಣೋ. ನನಗೂ ಐವತ್ತು ಹತ್ತಿರ ಬಂತು. ಆಫೀಸಿನಲ್ಲಿ ಸರ್, ಸೊಸೈಟಿಯಲ್ಲಿ ಫ್ಲ್ಯಾಟ್ ನಂಬರು. ಮನೆಯಲ್ಲಿ ನನ್ನನ್ನು ಕರೆಯುವ ಹೆಸರೊಂದಿದೆಯಲ್ಲ, ಅದು ಈಗ ಅವ್ವನ ಬಾಯಲ್ಲಿ ಮಾತ್ರ ಇದೆ. ಮದುವೆ ಬೇಡ ಅಂದದ್ದಕ್ಕೆ ನನಗೆ ಯಾವತ್ತೂ ಬೇಸರವಾಗಿಲ್ಲ, ಈಗಲೂ ಇಲ್ಲ. ಆದರೆ ಆ ಒಂದು ದನಿ ನಿಂತ ಮೇಲೆ ಈ ಮನೆಯಲ್ಲಿ ನಾನು ಯಾವುದಕ್ಕೆ ತಿರುಗಿ ನೋಡುತ್ತೇನೆ ಅಂತ ಯೋಚಿಸಿ ಭಯವಾಯಿತು. ಬಹಳ ಭಯವಾಯಿತು. ಇದನ್ನು ಬರೆಯಬೇಕು ಅಂತ ಕೂತವನಲ್ಲ ನಾನು. ಬರೆದಾಯಿತು, ಅಳಿಸುವುದಿಲ್ಲ. ನೀನು ಇದಕ್ಕೆ ಉತ್ತರ ಬರೆಯಬೇಡ. ಬೆಕ್ಕಿನ ವಿಷಯಕ್ಕೆ ಬಾ.

ಅವ್ವನ ಬಾಯಿಂದ “ಹಳೇ ಹೆಸರು ಹುಡುಕು, ಅದನ್ನ ಇಡು” ಅನ್ನುವ ಮಾತು ಬರುತ್ತದೆ ಅಂತ ಕಾದಿದ್ದೆ. ಬಂದದ್ದು ಬೇರೆ. “ಅಕೀ ಇಟ್ಟ ಹೆಸರು ಅಕೀ ಜೋಡಿ ಹೋತು. ಅದನ್ನ ನಾವು ಯಾಕ ಕಸಗೋಬೇಕು? ಹೊಸಾದು ಇಡು. ನನಗ ಹೊಸಾ ಹೆಸರು ಇಟ್ಟದ್ದಕ್ಕ ಸಿಟ್ಟ ಬಂದಿದ್ದಿಲ್ಲ. ನಿನಗ ಮೊದಲ ಏನ ಅಂತಿದ್ರು ಅಂತ ಆ ಮನ್ಯಾಗ ಒಬ್ಬರೂ ಕೇಳಲಿಲ್ಲ, ಅದಕ್ಕ ಸಿಟ್ಟು.” ಅಷ್ಟು ಹೇಳಿ ಬೆಕ್ಕಿನ ಬಟ್ಟಲು ತೊಳೆಯಲು ಎದ್ದಳು. ಮೀನಿನ ವಾಸನೆಯ ಆ ಬಟ್ಟಲನ್ನು ಅವ್ವ ಮುಟ್ಟುತ್ತಾಳೆ ಅಂದರೆ ನೀನು ನಂಬುವುದಿಲ್ಲ. ಹಾಲು ಅನ್ನದಲ್ಲಿ ಬೆಕ್ಕು ಬದುಕಲಾರದು, ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ ಅಂತ ಡಾಕ್ಟರು ಹೇಳಿದ ದಿನವೇ ಬಾಲ್ಕನಿಯ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದಾಳೆ.

ಹಾಗಾಗಿ ಹೊಸ ಹೆಸರು. ಕರೀ ಕೋಟು, ಬಿಳೀ ಅಂಗಿ. ಮನೆಯಲ್ಲಿ ಕೈ ಇರುವ ಕುರ್ಚಿ ಇರುವುದು ಒಂದೇ, ಅದರ ಮೇಲೆ ಹತ್ತಿ ಕೂತರೆ ಇಳಿಯುವುದಿಲ್ಲ. ಯಾರು ಬಂದರೂ ಒಂದು ಸಲ ನೋಡಿ ಮುಖ ತಿರುಗಿಸುತ್ತದೆ. ಹೊಸ ಹೆಸರು ಏನಿರಬಹುದು ಅಂತ ಹಾಸ್ಟೆಲಿನ ಹದಿನೇಳನೇ ರೂಮಿನಲ್ಲಿ ಇದ್ದ ಯಾರಿಗಾದರೂ ಗೊತ್ತಾಗುತ್ತದೆ. ಹೌದು ದೋಸ್ತ, ಚೇರ್ಮನ್. ನಿನ್ನ ಪರವಾನಗಿ ಕೇಳಲಿಲ್ಲ. ಆ ಹೆಸರನ್ನು ಬಳಸುವವರು ಈಗ ನಾವು ಮೂರು ನಾಲ್ಕು ಜನ ಉಳಿದಿದ್ದೇವೆ, ಅವರೂ ನಿನ್ನ ಹೆಂಡತಿಯ ಎದುರು ಬಳಸುವುದಿಲ್ಲ. ಇಲ್ಲಿ ದಿನಾ ಬಳಕೆಯಲ್ಲಿರಲಿ ಅಂತ ನನ್ನ ಆಸೆ. ಅವ್ವ ಬಹುವಚನ ಹಚ್ಚಿದ್ದಾಳೆ. “ಚೇರಮನ್ರ, ಬರ್ರಿ ಊಟಕ್ಕ.” ಎರಡು ಹೊತ್ತು ಊಟದ ಜೊತೆ ಕೇಳಿ ಕೇಳಿ ಈಗ ಎಡಗಿವಿ ಹೊರಳುತ್ತದೆ, ಒಮ್ಮೊಮ್ಮೆ ತಲೆಯೂ ಎದ್ದೇಳುತ್ತದೆ. ಪಾಟಿ ಕಣ್ಣಾ ಅಂತಲೇ ಕರೆಯುತ್ತಾರೆ, ಹಾಗೇ ಕರೆಯಿರಿ ಅಂದಿದ್ದೇವೆ. ಆಂಟಿಗೆ ಅದು ಮಂಗಮ್ಮನೇ. ಡಾಕ್ಟರ ಪುಸ್ತಕದಲ್ಲಿ ಅವ್ವ ನನ್ನ ಕೈಯಿಂದಲೇ ಬರೆಸಿದ್ದು, ‘ಚೇರ್ಮನ್ ಉರ್ಫ್ ಓರಿಯೋ’.

ದೀಪಾವಳಿಗೆ ಮನೆಯವರನ್ನೆಲ್ಲ ಕರೆದುಕೊಂಡು ಬಾ. ಅವ್ವನಿಗೆ ಊರಿನ ಜೋಳದ ಹಿಟ್ಟು ಬೇಕಂತೆ. ಪೇಢೆ ತಂದರೆ ಬೇಡ ಅನ್ನುವುದಿಲ್ಲ. ಕರೀ ಪ್ಯಾಂಟು ಹಾಕಿಕೊಂಡು ಬರಬೇಡ, ಬಿಳೀ ಕೂದಲು ಹತ್ತಿದರೆ ಹೋಗುವುದಿಲ್ಲ. ಕೈ ಇರುವ ಕುರ್ಚಿಯ ಕಡೆ ಹೋಗಬೇಡ. ಒಳಗಿನಿಂದ ಅವ್ವ ಚೇರಮನ್ರ ಅಂತ ಕೂಗಿದಾಗ ಇಬ್ಬರೂ ಓಡಿ ಬಂದರೆ ಮೊದಲ ಬಟ್ಟಲು ಅವರದ್ದು, ಈಗಲೇ ಹೇಳಿರುತ್ತೇನೆ.

ನಿನ್ನ
ಹದಿನೇಳನೇ ರೂಮಿನವನು